ಅಪ್ಪನ ಕಾಲು ಮಂಡಿ ಕೆಳಗೆ ತೆಗೆದು 5 ವಾರ ಆಯ್ತು, ಮತ್ತೆ ನಡೆಯೋದು ಯಾವಾಗ? ಅನುಭವ ಇರೋರು ದಯವಿಟ್ಟು ಹೇಳಿ

ಮೆಣಸಿನಕಾಯಿ_ಸಂತೆ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಮ್ಮಪ್ಪಂಗೆ 62 ವರ್ಷ. ಬ್ಯಾಡಗಿ ಹತ್ರ ನಮ್ಮೂರು, ಮಾರ್ಕೆಟ್ಟಲ್ಲಿ ದಲಾಲಿ ಅಂಗಡಿಯಲ್ಲಿ 30 ವರ್ಷದಿಂದ ಲೆಕ್ಕ ಬರೀತಾರೆ. ಶುಗರ್ 15 ವರ್ಷದಿಂದ ಇದೆ, ಬೀಡಿ ಅದಕ್ಕಿಂತ ಮುಂಚಿಂದು. ಹೋದ ವರ್ಷದಿಂದ್ಲೇ ನೂರು ಹೆಜ್ಜೆ ನಡೆದ್ರೆ ಮೀನಖಂಡ ಹಿಡ್ಕೊಂಡು ನಿಂತ್ಕೋತಿದ್ರು, ಎರಡು ನಿಮಿಷ ನಿಂತ್ರೆ ಸರಿ ಹೋಗ್ತಿತ್ತು. ನಾವು ವಾಯು ಅಂದ್ಕೊಂಡು ಎಣ್ಣೆ ತಿಕ್ಕಿದ್ವಿ. ಅದು ರಕ್ತನಾಳ ಕಟ್ಕೊಂಡಿರೋ ಲಕ್ಷಣ ಅಂತ ನಮಗೆ ಗೊತ್ತಾಗಿದ್ದು ಬೆರಳು ಕಪ್ಪಗಾದ್ಮೇಲೆ. ರಕ್ತ ಓಡಾಟ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿದ್ರು, ನಾಳ ಬಿಡಿಸೋಕೆ ಬಲೂನ್ ಹಾಕಿ ನೋಡಿದ್ರು, ಮೊದಲು ಎರಡು ಬೆರಳು ತೆಗೆದ್ರು, ಗ್ಯಾಂಗ್ರೀನ್ ನಿಲ್ಲಲಿಲ್ಲ, ಕೊನೆಗೆ ಬಲಗಾಲು ಮಂಡಿ ಕೆಳಗೆ ತೆಗೀಬೇಕಾಯ್ತು.

ಈಗ 5 ವಾರ. ಹೊಲಿಗೆ ಬಿಚ್ಚಿದಾರೆ, ಒಂದು ಮೂಲೇಲಿ ಮಾತ್ರ ಇನ್ನೂ ಸ್ವಲ್ಪ ನೀರು ಬರ್ತಾ ಇದೆ. ದಿನಪೂರ್ತಿ ಮಂಚದ ಮೇಲೆ ಮಂಡಿ ಕೆಳಗೆ ದಿಂಬು ಇಟ್ಕೊಂಡು ಕೂತಿರ್ತಾರೆ. ಇಲ್ಲದಿರೋ ಪಾದದ ಹೆಬ್ಬೆರಳು ತುರಿಸ್ತಿದೆ ಅಂತಾರೆ, ರಾತ್ರಿ ಉರಿ ಅಂತ ನರಳ್ತಾರೆ, ಅಮ್ಮಂಗೆ ತಲೆ ಏನಾದ್ರೂ ಕೆಟ್ಟಿದ್ಯಾ ಅಂತ ಭಯ. ಹೋದ ಭಾನುವಾರ ರಾತ್ರಿ ಮೂತ್ರಕ್ಕೆ ಅಂತ ಎದ್ದು ಎರಡೂ ಕಾಲಿದೆ ಅನ್ನೋ ಹಾಗೆ ಹೆಜ್ಜೆ ಇಟ್ಟು ಬಿದ್ದುಬಿಟ್ರು. ದೇವರ ದಯ, ಗಾಯದ ಮೇಲೆ ಬೀಳಲಿಲ್ಲ.

ನೆಂಟ್ರೆಲ್ಲ ಬಂದು ನಟಿ ಸುಧಾ ಚಂದ್ರನ್ ಕೃತಕ ಕಾಲಲ್ಲೇ ಡ್ಯಾನ್ಸ್ ಮಾಡ್ಲಿಲ್ವಾ, ಒಂದು ಕಾಲು ಹಾಕ್ಸಿ ಎದ್ದು ಓಡಾಡ್ತಾರೆ ಅಂತ ಹೇಳಿ ಹೋಗ್ತಾರೆ. ಒಂದು ಕಡೆ 20 ಸಾವಿರ ಅಂದ್ರು, ಇನ್ನೊಂದು ಕಡೆ 3 ಲಕ್ಷ ಅಂದ್ರು. ಡಿಸ್ಚಾರ್ಜ್ ಮಾಡುವಾಗ ಮಾತ್ರೆ ಚೀಟಿ ಕೊಟ್ರೇ ವಿನಾ ಮನೇಲಿ ಏನು ಮಾಡಬೇಕು ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಅಪ್ಪ ಕೇಳೋದು ಒಂದೇ, ಸೀಸನ್ ಹೊತ್ತಿಗೆ ಅಂಗಡಿ ಗಾದಿ ಮೇಲೆ ಹೋಗಿ ಕೂರ್ತೀನಾ ಅಂತ. ನಾನೇನು ಹೇಳ್ಲಿ?

---

ಗದಗ_ಮಾಸ್ತರ:

ತಮ್ಮಾ, ನಿನ್ನ ಪೋಸ್ಟ್ ಓದಿ ನನ್ನ ಕಥಿನೇ ಓದಿದಂಗಾತು. ನಂದೂ ಎಡಗಾಲು ಮಣಕಾಲ ಕೆಳಗ ತಗದು 7 ವರ್ಷ ಆತು. ನನಗ ಶುಗರ್ ಇಲ್ಲ, ಬೀಡಿಯಿಂದ ಬಂದದ್ದು, ಬರ್ಜರ್ ಕಾಯಿಲಿ (ತಂಬಾಕಿನಿಂದ ಕೈಕಾಲಿನ ರಕ್ತನಾಳ ಕಟ್ಟೋದು) ಅಂದ್ರು ಡಾಕ್ಟ್ರು, ಆಗ ನನಗ 41.

ಮೊದಲ ಮಾತು, ಆ ದಿಂಬು ಇವತ್ತೇ ತಗಿ. ಓದಿ ಮುಗಿಸಿ ಅಲ್ಲ, ಈಗ ಹೋಗಿ ತಗದು ಬಾ. ದಿಂಬಿನ ಮ್ಯಾಲೆ ಮಣಕಾಲು ಮಡಚಿ ಇಟ್ಕೊಂಡ್ರ ನೋವಿಗೆ ಹಿತ ಅನಸ್ತೈತಿ ಖರೆ, ಆದ್ರ ಹಿಂದಿನ ಸ್ನಾಯು ಗಿಡ್ಡ ಆಗಿ ಮಣಕಾಲು ಹಂಗೇ ಮಡಚಿದಂಗ ನಿಂತುಬಿಡ್ತೈತಿ, ಆಮ್ಯಾಲೆ ಎಷ್ಟು ರೊಕ್ಕ ಕೊಟ್ಟು ಕಾಲು ತಂದ್ರೂ ಅದರಾಗ ನೆಟ್ಟಗ ನಿಲ್ಲಾಕ ಬರಂಗಿಲ್ಲ. ನಾನು ಇದೇ ತಪ್ಪು ಮಾಡಿ 4 ತಿಂಗಳು ಕಳಕೊಂಡೆ. ಕಾಲು ಮಾಡೋರ ಹತ್ರ ಹೋದ್ರ ಅವರು ಅಳತಿನೂ ತಗೊಳ್ಳಲಿಲ್ಲ, ಮೊದಲು ಮಣಕಾಲು ನೆಟ್ಟಗ ಮಾಡ್ಕೊಂಡು ಬರ್ರಿ ಅಂತ ವಾಪಸ್ ಕಳಿಸಿದ್ರು. ಬಸ್ಸಿನ್ಯಾಗ ಕುಂತು ಬರುವಾಗ ನನ್ನ ಹೆಣ್ತಿ ಒಂದು ಮಾತೂ ಆಡಲಿಲ್ಲ, ಆ ದಿನ ಇನ್ನೂ ಮರತಿಲ್ಲ. ಗಾಲಿ ಕುರ್ಚಿ ಮ್ಯಾಲೆ ಕುಂತಾಗೂ ಮೋಟುಗಾಲು ಕೆಳಗ ಜೋತು ಬಿಡಬಾರ್ದು, ಒಂದು ಹಲಗಿ ಇಟ್ಟು ನೆಟ್ಟಗ ಚಾಚಿರಬೇಕು.

ಎರಡನೇದು ಬೀಡಿ. ನಿಮ್ಮಪ್ಪ ಬಿಟ್ಟಾರೋ ಇಲ್ಲೋ ನೀ ಬರದಿಲ್ಲ. ಬಿಟ್ಟಿಲ್ಲ ಅಂದ್ರ ಉಳಿದ ಕಾಲೂ ಅದೇ ದಾರಿ ಹಿಡೀತೈತಿ. ನನ್ನ ಜೊತಿ ವಾರ್ಡಿನ್ಯಾಗ ಇದ್ದವರೊಬ್ರು ದಿನಕ್ಕ ಎರಡೇ ಸೇದ್ತೇನಿ ಅಂತಿದ್ರು, ಎರಡು ವರ್ಷದಾಗ ಇನ್ನೊಂದು ಕಾಲೂ ಹೋತು. ತಂಬಾಕು, ಗುಟ್ಕಾನೂ ಬ್ಯಾಡ. ದಿನಾ ಸಂಜಿಕ ಅಂಗಾಲಿನ ಕೆಳಗ ಕನ್ನಡಿ ಹಿಡದು ಉಳಿದ ಪಾದ ನೋಡಬೇಕು, ಬೆರಳ ಸಂದಿನ್ಯಾಗ ಬಿರುಕು, ಗುಳ್ಳಿ, ಬಣ್ಣ ಬದಲಾಗೇತೇನು ಅಂತ. ಬಿಸಿನೀರಿನ್ಯಾಗ ಪಾದ ಅದ್ದಬಾರ್ದು, ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಗೊತ್ತಾಗಂಗಿಲ್ಲ. ಮನಿಯೊಳಗೂ ಬರಿಗಾಲು ಬ್ಯಾಡ, ಎಂ.ಸಿ.ಆರ್ ಚಪ್ಪಲ್ ಅಂತ ಸಿಗ್ತಾವ, ಮೆತ್ತಗಿರ್ತಾವ.

ಬೆರಳು ತುರಸೋದು ಹುಚ್ಚಲ್ಲ ಅಂತ ನಿಮ್ಮ ಅವ್ವಗ ಹೇಳು. ನನಗ ಇವತ್ತಿಗೂ ಮಳಿ ಮೋಡ ಆದಾಗ ಇಲ್ಲದ ಹಿಮ್ಮಡಿ ಜಗ್ಗತೈತಿ.

---

ಫಿಸಿಯೋ_ಮೈಸೂರು:

ಮಾಸ್ತರ್ರು ದಿಂಬಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫಿಸಿಯೋಥೆರಪಿಸ್ಟ್, ಇಂಥ ಪೇಶಂಟ್‌ಗಳನ್ನ 12 ವರ್ಷದಿಂದ ನೋಡ್ತಾ ಇದೀನಿ, ನನಗನ್ಸಿದ್ದು ಒಂದಷ್ಟು ಹೇಳ್ತೀನಿ. ಆದ್ರೆ ಗಾಯ ಇನ್ನೂ ಒಸರ್ತಿದೆ ಅಂದ್ರಲ್ಲ, ಅದನ್ನ ಸರ್ಜನ್‌ಗೆ ಒಂದ್ಸಲ ತೋರಿಸಿ ಕೇಳ್ಕೊಂಡೇ ಶುರು ಮಾಡಿ.

ಸುಧಾ ಚಂದ್ರನ್ ಉದಾಹರಣೆ ಕೊಡೋ ನೆಂಟರಿಗೆ ಒಂದು ಮಾತು. ಅವರ ಕಾಲು ಹೋಗಿದ್ದು ಅಪಘಾತದಲ್ಲಿ, ಆಗಿನ್ನೂ ಹದಿಹರೆಯದ ಹುಡುಗಿ, ಹೃದಯ ಗಟ್ಟಿ, ರಕ್ತನಾಳ ಚೆನ್ನಾಗಿತ್ತು. ನಿಮ್ಮ ತಂದೆಗೆ ಕಾಲಿನ ನಾಳ ಕಟ್ಟಿದೆ ಅಂದ್ರೆ ಹೃದಯದ ನಾಳದಲ್ಲೂ ಅದೇ ಕಾಯಿಲೆ ಇರೋ ಸಾಧ್ಯತೆ ಇದೆ. ರಕ್ತನಾಳದ ಕಾಯಿಲೆಯಿಂದ ಕಾಲು ಕಳ್ಕೊಂಡೋರಿಗೆ ಮಂಡಿ ಉಳಿದಿದ್ರೂ ಅಷ್ಟೇ ದೂರ ನಡೆಯೋಕೆ ಮಾಮೂಲಿಗಿಂತ ಹೆಚ್ಚುಕಮ್ಮಿ 40% ಜಾಸ್ತಿ ಶಕ್ತಿ ಬೇಕಾಗುತ್ತೆ, ಮಂಡಿ ಮೇಲೆ ಹೋಗಿದ್ರೆ ದುಪ್ಪಟ್ಟಿನ ಹತ್ರ. ಹಾಗಾಗಿ ನಡಿಗೆ ಶುರು ಮಾಡೋ ಮುಂಚೆ ಇ.ಸಿ.ಜಿ, ಎಕೋ ಮಾಡಿಸ್ಕೊಳ್ಳಿ. ಮಂಡಿ ಉಳಿದಿದೆಯಲ್ಲ, ಅದು ನಿಮ್ಮ ಕೈಲಿರೋ ದೊಡ್ಡ ಆಸ್ತಿ, ಅದನ್ನ ದಿಂಬಿಗೆ ಬಲಿ ಕೊಡಬೇಡಿ.

ಈಗ ಮಾಡಬೇಕಾದ ಕೆಲಸ. ದಿನಕ್ಕೆ ಮೂರು ಸಲ, 20 ನಿಮಿಷ ಬೋರಲು ಮಲಗ್ಬೇಕು, ಸೊಂಟದ ಕೆಳಗೂ ದಿಂಬು ಇಲ್ದೆ, ಮುಖ ಒಳ್ಳೆ ಕಾಲಿನ ಕಡೆ ತಿರುಗಿಸಿ. ಉಸಿರಾಟದ ತೊಂದ್ರೆ ಇದ್ರೆ ಬೋರಲು ಬೇಡ, ಅಂಗಾತ ಮಲಗಿ ಮೋಟುಗಾಲನ್ನ ಹಾಸಿಗೆಗೆ ಒತ್ತಿ ಹಿಡಿದ್ರೂ ಆಗುತ್ತೆ. ಮಂಡಿ ನೆಟ್ಟಗಿಟ್ಟು ತೊಡೆ ಬಿಗಿ ಮಾಡಿ 5 ಎಣಿಸಿ ಬಿಡೋದು, ಪಕ್ಕಕ್ಕೆ ಮಲಗಿ ಕಾಲು ಮೇಲೆತ್ತೋದು, ಮಂಚದ ಅಂಚಲ್ಲಿ ಕೂತು ಎರಡು ಕೈ ಊರಿ ಪೃಷ್ಠ ಎತ್ತೋದು. ಉಸಿರು ಕಟ್ಟಿ ಮಾಡಬಾರದು, ಬಾಯಲ್ಲಿ ಎಣಿಸ್ತಾ ಮಾಡ್ಲಿ, ಎಣಿಸೋಕಾಗ್ತಿದೆ ಅಂದ್ರೆ ಉಸಿರಾಡ್ತಿದಾರೆ ಅಂತ ಅರ್ಥ.

ಕ್ರೇಪ್ ಬ್ಯಾಂಡೇಜ್ ಸುತ್ತೋದು ಯಾರಾದ್ರೂ ತೋರಿಸಿದಾರಾ? 8ರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು, ತುದೀಲಿ ಬಿಗಿ, ಮೇಲೆ ಹೋಗ್ತಾ ಸಡಿಲ. ಬಳೆ ಥರ ಗುಂಡಗೆ ಸುತ್ತಿದ್ರೆ ರಕ್ತ ಕಟ್ಟುತ್ತೆ, ನಾಳದ ಕಾಯಿಲೆ ಇರೋರಿಗೆ ಅದು ಅಪಾಯ. ನೋವು ಜಾಸ್ತಿ ಆದ್ರೆ, ಚರ್ಮ ನೀಲಿ ಆದ್ರೆ ತಕ್ಷಣ ಬಿಚ್ಚಿ. ಊತ ಇಳಿದು ತುದಿ ಕೋನ್ ಆಕಾರಕ್ಕೆ ಬಂದ್ಮೇಲೇ ಅಳತೆ. ಗಾಯ ಪೂರ್ತಿ ಮಾಗಿ ಊತ ಇಳಿಯೋಕೆ ಸಾಮಾನ್ಯವಾಗಿ ಆಪರೇಷನ್ ಆದ ದಿನದಿಂದ ಎರಡ್ಮೂರು ತಿಂಗಳು ಬೇಕು, ಶುಗರ್ ಇರೋರಿಗೆ ಇನ್ನೂ ಸ್ವಲ್ಪ ಹೆಚ್ಚು. 5 ವಾರಕ್ಕೆ ಕಾಲು ಬಂದಿಲ್ಲ ಅಂತ ಹಿಂದೆ ಬಿದ್ದಿಲ್ಲ ನೀವು.

ಇನ್ನೊಂದು ವಿಷಯ ಎಲ್ರೂ ಮರೀತಾರೆ. ಸೋಂಕು ಇದ್ದಾಗ ಶುಗರ್ ಜಾಸ್ತಿ ಇರುತ್ತೆ, ಇನ್ಸುಲಿನ್ ಜಾಸ್ತಿ ಬೇಕಾಗುತ್ತೆ. ಕೊಳೆತ ಭಾಗ ಹೋದ್ಮೇಲೆ ಅದೇ ಡೋಸ್ ಮುಂದುವರಿಸಿದ್ರೆ ಶುಗರ್ ಇಳಿದುಬಿಡಬಹುದು. ರಾತ್ರಿ ಬಿದ್ದ ದಿನ ಬೆವರಿದ್ರಾ, ತಡಬಡಾಯಿಸಿದ್ರಾ? ಇವತ್ತೇ ನಿಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಡೋಸ್ ಕೇಳಿ.

ರಾತ್ರಿ ಉರಿಗೆ ಗ್ಯಾಬಪೆಂಟಿನ್ ಥರ ನರದ ನೋವಿನ ಮಾತ್ರೆಗಳಿವೆ, ಡಾಕ್ಟ್ರು ಬರೆದುಕೊಡ್ತಾರೆ, ಸುಮ್ನೆ ಸಹಿಸ್ಕೋಬೇಕಿಲ್ಲ. ಕನ್ನಡಿ ವ್ಯಾಯಾಮಾನೂ ಕೆಲವರಿಗೆ ಕೆಲಸ ಮಾಡುತ್ತೆ. ಎರಡು ಕಾಲಿನ ಮಧ್ಯ ಉದ್ದ ಕನ್ನಡಿ ನಿಲ್ಲಿಸಿ ಒಳ್ಳೆ ಪಾದ ಆಡಿಸ್ತಾ ಕನ್ನಡೀಲಿ ನೋಡೋದು, ಮೆದುಳಿಗೆ ಎರಡೂ ಪಾದ ಆಡ್ತಿರೋ ಹಾಗೆ ಕಾಣುತ್ತೆ.

---

ಮೆಣಸಿನಕಾಯಿ_ಸಂತೆ:

ಓದಿದ ಕೂಡ್ಲೇ ದಿಂಬು ತೆಗೆದೆ. ಅಪ್ಪ ಬೈದ್ರು. ಮಂಡಿ ಪೂರ್ತಿ ನೆಟ್ಟಗೆ ಬರ್ತಿಲ್ಲ, ಹಾಸಿಗೆಗೂ ಮಂಡಿಗೂ ಮಧ್ಯೆ ನನ್ನ ನಾಲ್ಕು ಬೆರಳು ಹೋಗುತ್ತೆ. ತುಂಬಾ ತಡ ಆಯ್ತಾ?

ಬಿದ್ದ ರಾತ್ರಿ ಬೆವರಿದ್ದು ನಿಜ, ನಾವು ಹೆದರಿಕೆಗೆ ಅಂದ್ಕೊಂಡ್ವಿ. ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಬೆಳಿಗ್ಗೆ ಚೆಕ್ ಮಾಡಿ ಹೇಳಿ ಅಂದ್ರು, 68 ಬಂತು, ರಾತ್ರಿ ಡೋಸ್ ಕಮ್ಮಿ ಮಾಡಿಸಿದ್ರು. ನೀವು ಹೇಳದೇ ಇದ್ರೆ ನಮಗೆ ಹೊಳೀತಾನೇ ಇರಲಿಲ್ಲ ಮೇಡಂ/ಸರ್, ಕೈ ಮುಗಿತೀನಿ.

ಬೀಡಿ ಆಸ್ಪತ್ರೇಲಿ ಬಿಟ್ರು, ಆದ್ರೆ ನೋಡೋಕೆ ಬಂದ ಗೆಳೆಯರು ಕದ್ದು ಕೊಡ್ತಾರೆ ಅಂತ ಅನುಮಾನ. ಮಾಸ್ತರ್ರು ಬರೆದದ್ದನ್ನ ಜೋರಾಗಿ ಓದಿ ಹೇಳ್ದೆ. ಸುಮ್ನಿದ್ರು.

---

ಫಿಸಿಯೋ_ಮೈಸೂರು:

ತಡ ಆಗಿಲ್ಲ. 5 ವಾರದ ಬಿಗಿತ ದಿನಾ ಮಾಡಿದ್ರೆ ಬಿಡುತ್ತೆ, 5 ತಿಂಗಳದ್ದು ಕಷ್ಟ. ಆ ನಾಲ್ಕು ಬೆರಳನ್ನೇ ಅಳತೆಕೋಲು ಮಾಡ್ಕೊಳ್ಳಿ, ವಾರಕ್ಕೊಂದ್ಸಲ ನೋಡಿ ಬರೆದಿಡಿ. ಜೋರಾಗಿ ಒತ್ತಿ ಎಳೀಬೇಡಿ ಮಾತ್ರ, ಗಾಯ ಬಿರಿಯುತ್ತೆ.

---

ತುಮಕೂರು_ಮಗಳು:

ನಾನು ಬೇರೆ ಥರದ ಅನುಭವ ಹೇಳ್ತೀನಿ, ಎಲ್ರೂ ನಡೆಯೋ ಕಥೆನೇ ಹೇಳಿದ್ರೆ ನನ್ನಂಥ ಮನೆಯವರಿಗೆ ನಾವೇ ಸೋತ್ವಿ ಅನ್ಸುತ್ತೆ.

ನಮ್ಮಮ್ಮಂಗೆ 69ರಲ್ಲಿ ಮಂಡಿ ಮೇಲೆ ತೆಗೆದ್ರು. ಹಾರ್ಟ್ ಪಂಪಿಂಗ್ ಕಮ್ಮಿ ಇತ್ತು. ಆದ್ರೂ ಹಠ ಹಿಡಿದು ಕೃತಕ ಕಾಲು ಮಾಡಿಸಿದ್ವಿ, ಅಮ್ಮ ಮೂರು ತಿಂಗಳು ಒದ್ದಾಡಿದ್ರು, ಬಾಗಿಲ ತನಕ ಹೋಗಿ ಬರೋಷ್ಟರಲ್ಲಿ ಏದುಸಿರು. ಒಂದಿನ ಅವರೇ, ಇದನ್ನ ಅಟ್ಟದ ಮೇಲಿಡು ಮಗಳೇ, ನನಗೆ ಕುರ್ಚಿ ಸಾಕು ಅಂದ್ರು. ನಾನು ಅತ್ತೆ. ಆಮೇಲೆ ನೋಡಿದ್ರೆ ಗಾಲಿಕುರ್ಚೀಲೇ ಅಮ್ಮ ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕ್ತಾರೆ, ಕುರ್ಚಿ ಎತ್ತರದ ಕಟ್ಟೆ ಮಾಡಿಸಿದೀವಿ, ಕೂತು ಹುಳಿ ಕುದಿಸ್ತಾರೆ, ಪಕ್ಕದ್ಮನೆ ಮದುವೆಗೂ ಹೋಗಿ ಬಂದ್ರು. ಕಾಲು ಹಾಕ್ಕೊಂಡು ಒದ್ದಾಡ್ತಿದ್ದ ಮೂರು ತಿಂಗಳಲ್ಲಿ ಇದ್ಯಾವುದೂ ಆಗಿರಲಿಲ್ಲ. ನಿಮ್ಮ ತಂದೆಗೆ ಮಂಡಿ ಇದೆ, ವಯಸ್ಸೂ ಕಮ್ಮಿ, ಅವರು ನಡೀತಾರೆ ಅನ್ಸುತ್ತೆ. ಆದ್ರೆ ಕಾಲು ಬರೋವರೆಗೆ ಕಾಯ್ಕೊಂಡು ಮಂಚದ ಮೇಲೆ ಇಡಬೇಡಿ. ಅಂಗಡಿ ಗಾದಿ ಮೇಲೆ ಕೂರೋಕೆ ಕಾಲೇ ಬೇಕು ಅಂತಿಲ್ಲ ಅಲ್ವಾ?

ಗಾಲಿಕುರ್ಚಿ ತಗೊಳ್ಳುವಾಗ ನೋಡ್ಕೊಳ್ಳಿ, ಕಾಲಿನ ಭಾರ ಮುಂದೆ ಇಲ್ದಿರೋದ್ರಿಂದ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಅಮ್ಮ ಒಂದ್ಸಲ ಇಳಿಜಾರಲ್ಲಿ ಮಗುಚಿ ತಲೆ ಹಿಂಭಾಗ ಪೆಟ್ಟು ಮಾಡ್ಕೊಂಡ್ರು. ಹಿಂದೆ ಎರಡು ಚಿಕ್ಕ ಗಾಲಿ ಇರೋ ತಡೆ ಹಾಕಿಸ್ಬೇಕು. ಹೊಸ್ತಿಲಿಗೆ ಎರಡೂ ಕಡೆ ಹಲಗೆ ಇಳಿಜಾರು ಮಾಡಿಸಿ, ಹೊಸ್ತಿಲು ಒಡೆಯೋದಿಲ್ಲ ಅಂತ ಅಜ್ಜಿ ಹಠ ಮಾಡಿದ್ರಿಂದ ನಾವು ಹಾಗೆ ಮಾಡಿದ್ವಿ. ಬಚ್ಚಲಲ್ಲಿ ಗೋಡೆಗೆ ಹಿಡಿ ಕೂರಿಸಿ, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್ ಬೇಡ, ಜಾರುತ್ತೆ. ರಾತ್ರಿಗೆ ಮಂಚದ ಪಕ್ಕ ಯೂರಿನ್ ಕ್ಯಾನ್ ಇಡಿ, ಸಣ್ಣ ಲೈಟ್ ಹಾಕಿರಿ, ಮತ್ತೆ ಕಾಲಿಳಿಸೋ ಜಾಗದಲ್ಲೇ ಒಂದು ಕುರ್ಚಿ ಅಡ್ಡ ಇಡಿ. ನಿದ್ದೆಗಣ್ಣಲ್ಲಿ ಮೈಗೆ ಕಾಲಿಲ್ಲ ಅನ್ನೋದು ನೆನಪಿರಲ್ಲ, ಕುರ್ಚಿ ತಾಗಿದಾಗ ಎಚ್ಚರ ಆಗುತ್ತೆ. ನಮ್ಮಮ್ಮ ಎರಡು ಸಲ ಬಿದ್ದ ಮೇಲೆ ನಾವು ಕಲ್ತಿದ್ದು ಇದು.

---

ಕಾಲು_ಕಟ್ಟುವವ:

ಕೃತಕ ಕಾಲು ಮಾಡೋ ಕೆಲಸ ನಂದು. 20 ಸಾವಿರ, 3 ಲಕ್ಷ ಅಂದ್ರಲ್ಲ, ಎರಡೂ ಸುಳ್ಳಲ್ಲ. ದುಬಾರಿದ್ರಲ್ಲಿ ಕಾರ್ಬನ್ ಪಾದ, ಸಿಲಿಕೋನ್ ಲೈನರ್ (ಮೋಟುಗಾಲಿಗೆ ಹಾಕೋ ಮೆತ್ತನೆ ಒಳಚೀಲ) ಇರುತ್ತೆ. ಲೈನರ್ ಶುಗರ್ ಚರ್ಮಕ್ಕೆ ಒಳ್ಳೇದು, ದಿನಾ ತೊಳೆದು ಒಣಗಿಸೋಕಾದ್ರೆ ಮಾತ್ರ. ಕಾರ್ಬನ್ ಪಾದ ಜೋರಾಗಿ ನಡೆಯೋರಿಗೆ, ನಿಮ್ಮ ತಂದೆಗೆ ಈಗ್ಲೇ ಅದಕ್ಕೆ ಸಾಲ ಮಾಡೋದು ಬೇಡ. ಯಾಕಂದ್ರೆ ಮೊದಲನೇ ವರ್ಷದಲ್ಲಿ ಮೋಟುಗಾಲು ಸಣ್ಣ ಆಗ್ತಾ ಹೋಗುತ್ತೆ, ಮೊದಲ ಬಟ್ಟಲು ಕೆಲವೇ ತಿಂಗಳಲ್ಲಿ ಸಡಿಲ ಆಗುತ್ತೆ, ಬದಲಾಯಿಸಲೇಬೇಕು. (ಬಟ್ಟಲು ಅಂದ್ರೆ ಸಾಕೆಟ್, ಮೋಟುಗಾಲು ಕೂರೋ ಭಾಗ.) ದುಡ್ಡು ಹಾಕೋದಾದ್ರೆ ಎರಡನೇ ಕಾಲಿಗೆ ಹಾಕಿ.

ಜೈಪುರ ಕಾಲು ಅಂದ್ರೆ ಕೀಳು ಅನ್ಕೋಬೇಡಿ. 1960ರ ದಶಕದ ಕೊನೇಲಿ ಜೈಪುರದಲ್ಲಿ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ನಮ್ಮ ಜನ ಬದುಕೋ ರೀತಿಗೆ ಅಂತಲೇ ಮಾಡಿದ್ದು ಅದು. ರಬ್ಬರ್ ಪಾದ, ಎಲ್ಲಾ ಕಡೆ ಬಾಗುತ್ತೆ, ಚಕ್ಕಳಮಕ್ಕಳ ಹಾಕ್ಬಹುದು, ಕೆಸರಲ್ಲಿ ಹೋಗ್ಬಹುದು. ಗಾದಿ ಮೇಲೆ ಕೂತು ಲೆಕ್ಕ ಬರೆಯೋರಿಗೆ ಇದಕ್ಕಿಂತ ಒಗ್ಗೋದು ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಉಚಿತವಾಗೇ ಕೊಡ್ತಾ ಬಂದಿದೆ. ನಿಮಗೆ ಹತ್ರದಲ್ಲಿ ಹುಬ್ಬಳ್ಳೀಲಿ ಮಹಾವೀರ ಲಿಂಬ್ ಸೆಂಟರ್ ಇದೆ, ಬೆಂಗಳೂರಲ್ಲಾದ್ರೆ ಮೊಬಿಲಿಟಿ ಇಂಡಿಯಾ. ಹೋಗೋ ಮುಂಚೆ ಫೋನ್ ಮಾಡಿ ದಿನ ಕೇಳ್ಕೊಂಡು ಹೋಗಿ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರ ಸರ್ಕಾರದ ಅಡಿಪ್ ಯೋಜನೇಲಿ, ಸರ್ಕಾರಿ ಕಂಪನಿ ಅಲಿಂಕೋ ನಡೆಸೋ ಶಿಬಿರಗಳಲ್ಲೂ ಕಾಲು, ಗಾಲಿಕುರ್ಚಿ ಸಿಗುತ್ತೆ, ಆದಾಯ ಮಿತಿ ಇದೆ. ಅದಕ್ಕೆ ಯು.ಡಿ.ಐ.ಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಈಗ್ಲೇ ಅರ್ಜಿ ಹಾಕಿ, ಕನಿಷ್ಠ 40% ಅಂಗವೈಕಲ್ಯ ಇರ್ಬೇಕು, ಮಂಡಿ ಕೆಳಗೆ ತೆಗೆದವರು ಅದಕ್ಕಿಂತ ಮೇಲೇ ಬರ್ತಾರೆ. ನಿಮ್ಮ ಗ್ರಾಮ ಪಂಚಾಯ್ತೀಲಿ ವಿ.ಆರ್.ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಂತ ಒಬ್ರು ಇರ್ತಾರೆ, ಅವರ ಕೆಲಸಾನೇ ಇದು, ಹಿಡಿದು ಕೇಳಿ.

ಒಂದೇ ದಿನದ ಶಿಬಿರದಲ್ಲಿ ಕಾಲು ತಗೊಂಡ್ರೆ, ಆಮೇಲೆ ಚುಚ್ಚಿದ್ರೆ ಸರಿ ಮಾಡೋರು ಯಾರು, ಎಲ್ಲಿ ಅಂತ ಕೇಳಿಯೇ ತಗೊಳ್ಳಿ. ಚುಚ್ಚೋ ಕಾಲನ್ನ ಕೆಲವರು ಮುಜುಗರಕ್ಕೆ ಹಾಗೇ ಹಾಕ್ಕೊಂಡು ಓಡಾಡಿ ಹುಣ್ಣು ಮಾಡ್ಕೊಂಡು ಬರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

---

ಗದಗ_ಮಾಸ್ತರ:

ಇವರು ಹೇಳಿದ್ದಕ್ಕ ಒಂದು ಸೇರಸ್ತೇನಿ. ಕಾಲು ಬಂದ ಮೊದಲ ದಿನ ಇಡೀ ದಿನ ಹಾಕ್ಕೊಳ್ಳಾಕ ಹೋಗಬ್ಯಾಡ್ರಿ. ಅರ್ಧ ತಾಸು ಹಾಕಿ, ತಗದು, ಚರ್ಮ ನೋಡಬೇಕು. ಕೆಂಪಾಗಿದ್ದು ಹತ್ತು ಹದಿನೈದು ನಿಮಿಷದಾಗ ಹೋದ್ರ ಸರಿ, ಹೋಗಲಿಲ್ಲ ಅಂದ್ರ ಕಾಲು ಮಾಡಿದವರ ಹತ್ರ ಹೋಗಬೇಕು. ಭಾರ ಬರಬೇಕಾದದ್ದು ಮಣಕಾಲ ಚಿಪ್ಪಿನ ಕೆಳಗಿನ ಜಾಗದಾಗ, ತುದಿ ಮ್ಯಾಲೆ ಅಲ್ಲ. ನಂದು ಮುಂಜಾನೆ ಬಿಗಿ ಇರ್ತೈತಿ, ಸಂಜಿ 4ರ ಹೊತ್ತಿಗೆ ಸಡ್ಲ ಆಗಿ ಒಳಗ ಟಪ್ ಟಪ್ ಅಂತೈತಿ, ಆಗ ಇನ್ನೊಂದು ಹತ್ತಿ ಸಾಕ್ಸ್ ಏರಸ್ತೇನಿ, ಅದಕ್ಕಂತ ಅಂಗಿ ಕಿಸೆದಾಗ ಒಂದು ಜೋಡಿ ಇದ್ದೇ ಇರ್ತೈತಿ. ಮೋಟುಗಾಲು ತೊಳಿಯೋದು ರಾತ್ರಿ, ಮುಂಜಾನೆ ತೊಳದು ಹಸಿ ಚರ್ಮದ ಮ್ಯಾಲೆ ಹಾಕಿದ್ರ ಸುಲಿದು ಬರ್ತೈತಿ. ಮೆಟ್ಲ ಹತ್ತುವಾಗ ಒಳ್ಳೆ ಕಾಲು ಮೊದಲ, ಇಳಿಯುವಾಗ ಈ ಕಾಲು ಮೊದಲ, ಕೋಲು ಒಳ್ಳೆ ಕಾಲಿನ ಕಡೆ ಕೈಯಾಗ.

ನಿಮ್ಮಪ್ಪಾರ ಹತ್ರ ಫೋನಿನ್ಯಾಗ ಮಾತಾಡ್ತೇನಿ ಬೇಕಂದ್ರ. ಮೆಸೇಜ್ ಮಾಡು.

---

ಮೆಣಸಿನಕಾಯಿ_ಸಂತೆ:

ಮೂರು ವಾರ ಆಯ್ತು, ಹೇಳ್ಬೇಕು ಅನ್ನಿಸ್ತು. ಮಾಸ್ತರ್ರು ಫೋನ್ ಮಾಡಿ ಒಂದೂವರೆ ತಾಸು ಮಾತಾಡಿದ್ರು, ಏನು ಮಾತಾಡ್ಕೊಂಡ್ರೋ ಅಪ್ಪ ನಮಗೆ ಹೇಳಲಿಲ್ಲ, ಮಾರನೇ ದಿನ ದಿಂಬಿನ ಕೆಳಗಿಂದ ಒಂದು ಬೀಡಿ ಕಟ್ಟು ತೆಗೆದು ಅಮ್ಮನ ಕೈಗೆ ಕೊಟ್ರು.

ಗಾಯ ಒಣಗಿದೆ, ಸರ್ಜನ್ ನೋಡಿ ಆಯ್ತು ಅಂದ್ರು. ಎಕೋ ಆಯ್ತು, ನಿಧಾನಕ್ಕೆ ನಡೀಬಹುದು ಅಂದಿದಾರೆ. ಪಂಚಾಯ್ತಿ ವಿ.ಆರ್.ಡಬ್ಲ್ಯು ಮನೆಗೇ ಬಂದು ಫಾರಂ ತುಂಬಿಸ್ಕೊಂಡು ಹೋದ್ರು. ಹುಬ್ಬಳ್ಳಿಗೆ ಅಳತೆಗೆ ಮುಂದಿನ ತಿಂಗಳು ಬರೋಕೆ ಹೇಳಿದಾರೆ.

ಬೋರಲು ಮಲಗೋದು ಮೊದಲು ಐದು ನಿಮಿಷಕ್ಕೇ ಬೇಜಾರು ಮಾಡ್ಕೋತಿದ್ರು. ಈಗ ಸೋಮವಾರ, ಗುರುವಾರ ಮಾರ್ಕೆಟ್ ದಿನ ನನ್ನ ಮಗ ಮೊಬೈಲಲ್ಲಿ ಮೆಣಸಿನಕಾಯಿ ತಳಿಗಳ ಧಾರಣೆ ಓದ್ತಾನೆ, ಡಬ್ಬಿ ಎಷ್ಟು, ಕಡ್ಡಿ ಎಷ್ಟು, ಗುಂಟೂರು ಎಷ್ಟು ಅಂತ, ಅಪ್ಪ ಬೋರಲು ಮಲಗೇ ಕೇಳ್ತಾರೆ, ಇಪ್ಪತ್ತು ನಿಮಿಷ ಹೋಗಿದ್ದೇ ಗೊತ್ತಾಗಲ್ಲ. ಉಳಿದ ದಿನ ಹಳೇ ರೇಟೇ ಮತ್ತೆ ಓದಿಸ್ತಾರೆ. ನಾಲ್ಕು ಬೆರಳು ಇದ್ದದ್ದು ಈಗ ಒಂದೂವರೆಗೆ ಬಂದಿದೆ. ನಿನ್ನೆ ಸೇಠ್ ಕಾರು ಕಳಿಸಿದ್ರು, ಗಾಲಿಕುರ್ಚೀಲಿ ಅಂಗಡಿವರೆಗೆ ಹೋದ್ವಿ, ಇಬ್ರು ಹಮಾಲರು ಎತ್ತಿ ಗಾದಿ ಮೇಲೆ ಕೂರಿಸಿದ್ರು. ಮೋಟುಗಾಲು ನೆಟ್ಟಗೆ ಚಾಚಿ, ಕೆಳಗೆ ದಿಂಬಿಲ್ದೆ, ಒಂದು ತಾಸು ಕೂತು ಹೋದ ತಿಂಗಳ ಚೀಟಿ ತಾಳೆ ನೋಡಿದ್ರು. ಎರಡು ಕಡೆ ಕೂಡಿಸಿದ್ದು ತಪ್ಪಿತ್ತಂತೆ.